ವಾಸನೆ ಇಲ್ಲದ ವೈಪ್ಸ್

ಶಾಲೆ ಬಿಟ್ಟ ಮೇಲೆ ಇದು ನನ್ನ ನಾಲ್ಕನೇ ಕೆಲಸ, ಪರ್ಕಳದ ಸೈಕಲ್ ಅಂಗಡಿಯಲ್ಲಿ. ಇವತ್ತು ಚೈನ್ ಒರೆಸುವ ಒದ್ದೆ ವೈಪ್ಸ್ ಬಂದವು. ಮೂಸಿ ನೋಡಿದೆ. ಯಾವ ವಾಸನೆಯೂ ಇರಲಿಲ್ಲ.

ಚಿಕ್ಕಂದಿನಲ್ಲಿ ನಾವು ಶಂಕರಪುರದಲ್ಲಿದ್ದೆವು. ಅಮ್ಮ ಕಟ್ಟಿದ ಮಲ್ಲಿಗೆಯನ್ನು ಮಾರಲು ಅಪ್ಪ ಸೈಕಲ್ಲಿನಲ್ಲಿ, ಹೂ ಕೊಳ್ಳುವವರ ವ್ಯಾನ್ ಬಂದು ನಿಲ್ಲುವಲ್ಲಿಗೆ ಒಯ್ಯುತ್ತಿದ್ದರು. ತುಕ್ಕು ಹಿಡಿದ ಚೈನಿಗೆ ಚಿಮಿಣಿ ಎಣ್ಣೆ ಹಚ್ಚಲು ಅಮ್ಮ ಬಿಡುತ್ತಿರಲಿಲ್ಲ.

“ಹೂವಿಗೆ ಅದರ ವಾಸನೆ ಹಿಡಿದರೆ ಯಾರು ತಗೊಳ್ತಾರೆ? ನೀವೇ ಮುಡ್ಕೊಳ್ಳಿ!”

ಅಪ್ಪ ಹಳೆಯ ಬನಿಯನ್ ಹಿಡಿದು ಚೈನನ್ನು ತಿಕ್ಕುತ್ತಿದ್ದರು.

ಒಂದು ದಿನ ನಾನೂ ಹಿಂದೆ ಕೂತಿದ್ದೆ. ದಾರಿಯಲ್ಲಿ ಚೈನ್ ಕಳಚಿ ಸಿಕ್ಕಿಕೊಂಡಿತು. ಎಳೆದೆಳೆದು ಅಪ್ಪನ ಕೈಗಳೆರಡೂ ಕಪ್ಪಾದವು. ಹೂವಿನ ಕಟ್ಟನ್ನು ಮುಟ್ಟಲಾಗದೆ, ಕೈ ಅಗಲಿಸಿ ನಿಂತು, “ನೀನು ಓಡು ಮಗಳೇ” ಎಂದರು. ಕಟ್ಟನ್ನು ಎದೆಗೊತ್ತಿಕೊಂಡು ಓಡಿದೆ. ಅಷ್ಟರಲ್ಲಿ ಹೂವಿನ ವ್ಯಾನ್ ಹೊರಟುಹೋಗಿತ್ತು.

ಆ ಸಂಜೆ ಅಮ್ಮ ದೇವರ ಪಟಗಳಿಗೆಲ್ಲ ಮಲ್ಲಿಗೆ ಹಾಕಿ, ಉಳಿದದ್ದನ್ನು ನನ್ನ ಜಡೆಗೆ ಮುಡಿಸಿದಳು. ಮನೆಯಿಡೀ ಪರಿಮಳ. ಯಾರಿಗೂ ಊಟ ಸೇರಲಿಲ್ಲ.

ಇವತ್ತು ಒಂದು ವೈಪ್ ತಂದು ಅಪ್ಪನಿಗೆ ಕೊಟ್ಟೆ. ಅವರೂ ಮೂಸಿ ನೋಡಿದರು.

“ಒಳ್ಳೇದುಂಟು ಮಾರಾಯ್ತಿ. ಆದರೆ ಈಗ ಸೈಕಲ್ ಎಲ್ಲುಂಟು?”

ಹಾಗೆಂದು, ಕಪ್ಪೇ ಇಲ್ಲದ ಕೈಗಳನ್ನು ಅದರಿಂದ ಒರೆಸುತ್ತಾ ಕುಳಿತರು.