ಒಂದೇ ದಿನ ಅರ್ಧವಾದ ಗೆರೆ

ಕೇರಳದ ಶಾಲೆಗಳಲ್ಲಿ ಆಗ ಕಂಪ್ಯೂಟರ್ ಪಾಠವೆಲ್ಲ ಸ್ವತಂತ್ರ ತಂತ್ರಾಂಶದಲ್ಲೇ. ಎಂಟನೆಯ ತರಗತಿಯ ಮಗಳು ಟೀಚರ್ ಕೊಟ್ಟ ಸಿ.ಡಿ.ಯನ್ನು ಕರ್ಚೀಫಿನಲ್ಲಿ ಸುತ್ತಿ ತಂದು ನಮ್ಮ ಹಳೆಯ ಕಂಪ್ಯೂಟರಿಗೆ ಹಾಕಿದಳು. ಅದೇ ಧೈರ್ಯದಲ್ಲಿ ನಾನು ಇಂಟರ್‌ನೆಟ್ಟಿನಲ್ಲಿ ಹುಡುಕಿ ಇನ್ನೊಂದು ತಂತ್ರಾಂಶ ಇಳಿಸಿಕೊಂಡೆ. ನಮ್ಮಲ್ಲಿರುವ ಷೇರಿಗೆ ಇವತ್ತು ಎಷ್ಟು ಬೆಲೆ ಎಂದು ಅದು ಗೆರೆ ಎಳೆದು ತೋರಿಸುತ್ತಿತ್ತು. ಅದಕ್ಕೂ ದುಡ್ಡು ಕೊಡಬೇಕಾಗಿರಲಿಲ್ಲ. ಅದರ ಒಳಗೆ ಬರೆದದ್ದನ್ನು ಯಾರು ಬೇಕಾದರೂ ನೋಡಬಹುದು, ತಿದ್ದಬಹುದು.

ನನ್ನದು ಒಂದೇ ಕಂಪೆನಿಯ ಷೇರು. ಅಪ್ಪ ಮದುವೆಗೆ ಹಾಕಿದ ಎರಡು ಬಳೆ ಮಾರಿ, ಮಗಳ ಕಾಲೇಜಿಗೆಂದು ತೆಗೆದದ್ದು.

ಒಂದು ಮಧ್ಯಾಹ್ನ ವಿದ್ಯಾನಗರದ ಆಫೀಸಿನಿಂದ ಊಟಕ್ಕೆ ಬಂದ ನಮ್ಮವರು ಪರದೆ ನೋಡಿ ನಿಂತೇಬಿಟ್ಟರು.

"ಅರ್ಧಕ್ಕರ್ಧ ಹೋಯಿತಲ್ಲ ಮಾರಾಯ್ತಿ! ನಿನ್ನ ಅಪ್ಪನ ಬಳೆ!"

"ಸ್ವಲ್ಪ ಇರಿ, ನೋಡ್ತೇನೆ."

"ನೋಡ್ಲಿಕ್ಕೆ ಎಂತ ಉಂಟು? ಉಳಿದದ್ದಾದರೂ ಸಿಗಲಿ, ಈಗಲೇ ಮಾರುವ." ಬ್ರೋಕರ್ ಆಫೀಸಿಗೆ ಫೋನ್ ಮಾಡಲು ಅವರು ರಿಸೀವರ್ ಎತ್ತಿಯೂ ಆಗಿತ್ತು.

ನನ್ನ ಕಣ್ಣು ಗೆರೆಯ ಮೇಲೇ ಇತ್ತು. ಬೀಳುವ ಬೆಲೆ ಅಲ್ಲಲ್ಲಿ ತಡೆದು, ತಡವರಿಸಿ ಇಳಿಯುತ್ತದೆ. ಇದು ಹಾಗಲ್ಲ. ರವಕೆ ಬಟ್ಟೆಯನ್ನು ಮಡಚಿ ಕತ್ತರಿಸಿದ ಹಾಗೆ ಸರಿಯಾಗಿ ಅರ್ಧ. ಆಗ ಉಪ್ಪಿನಕಾಯಿ ಭರಣಿಯ ನೆನಪಾಯಿತು. ಕಂಪೆನಿಯಿಂದ ಬಂದ ಟಪಾಲನ್ನು ನಮ್ಮವರು ಒಡೆಯದೆ ಅದರ ಅಡಿಗೆ ಇಟ್ಟಿದ್ದರು, ಎಣ್ಣೆ ಮೇಜಿಗೆ ತಾಗದಿರಲಿ ಎಂದು. ಎಳೆದು ಒಡೆದೆ. ಪ್ರತಿ ಷೇರಿಗೆ ಇನ್ನೊಂದು ಷೇರು ಬೋನಸ್. ಷೇರು ಎರಡಾದ್ದರಿಂದ ಒಂದೊಂದರ ಬೆಲೆ ಅರ್ಧ, ಅಷ್ಟೆ. ಹೊಸ ಷೇರು ಬಂದ ಸಂಗತಿ ತಂತ್ರಾಂಶಕ್ಕೆ ಗೊತ್ತಿರಲಿಲ್ಲ, ಹೊಸ ಬೆಲೆಯಿಂದ ಷೇರಿನ ಹಳೆಯ ಸಂಖ್ಯೆಯನ್ನೇ ಗುಣಿಸುತ್ತಿತ್ತು.

"ಫೋನ್ ಇಡಿ. ಎಂತದೂ ಹೋಗ್ಲಿಲ್ಲ," ಎಂದು ಕಾಗದ ಕೊಟ್ಟೆ.

ಅವರು ಎರಡು ಸಲ ಓದಿದರು. "ಬಿಟ್ಟಿ ಸಿಕ್ಕಿದ್ದರ ಬುದ್ಧಿ ಇಷ್ಟೇ," ಎಂದು ಕಂಪ್ಯೂಟರನ್ನು ಬೈದು ಊಟಕ್ಕೆ ಕುಳಿತರು.

ನನಗೆ ಮಾತ್ರ ಅದನ್ನು ಬೈಯಲು ಮನಸ್ಸಾಗಲಿಲ್ಲ. ತಿದ್ದಬಹುದು ಎಂದು ಆ ತಂತ್ರಾಂಶ ಮಾಡಿದವರೇ ಹೇಳಿದ್ದಾರಲ್ಲ! ಕಾನ್ವೆಂಟಿನ ಸಿಸ್ಟರ್‌ಗಳು ಕಲಿಸಿದ ಇಂಗ್ಲಿಷಿನಲ್ಲಿ, ಮಾನ್ಯರೇ ಎಂದು ಶುರುಮಾಡಿ, ನಮ್ಮ ದೇಶದ ಬೋನಸ್ ಷೇರೆಂದರೆ ಏನು, ಅದನ್ನು ಎಲ್ಲಿ ಸೇರಿಸಬೇಕು ಎಂದು ಅವರಿಗೇ ಬರೆದೆ. ಉದಾಹರಣೆಗೆ ನನ್ನ ಷೇರನ್ನೇ ಕೊಟ್ಟೆ. ಮುಂದಿನ ಆವೃತ್ತಿಯಲ್ಲಿ ಬೋನಸ್ ಎಂಬ ಹೊಸ ಅಂಕಣವೇ ಬಂತು. ಸಹಾಯ ಮಾಡಿದವರ ಪಟ್ಟಿಯಲ್ಲಿ, ಯಾವ ಯಾವುದೋ ದೇಶದ ಹೆಸರುಗಳ ನಡುವೆ, ನನ್ನ ಹೆಸರೂ ಇತ್ತು.

ನಮ್ಮವರು ಆ ಪುಟವನ್ನು ಪ್ರಿಂಟ್ ತೆಗೆಸಿ ಆಫೀಸಿಗೆ ಒಯ್ದರು. ಯಾರಿಗೆಲ್ಲ ತೋರಿಸಿದರೋ, ವಾಪಸು ಬಂದಾಗ ಅದರ ಮಡಿಕೆ ಹರಿದಿತ್ತು.

ಆ ಷೇರು ಮಾರಿದ್ದು ಮಗಳು ಕಾಲೇಜಿಗೆ ಸೇರಿದ ವರ್ಷ. ಯಾವ ದಿನ ಮಾರುವುದೆಂದು ನಮ್ಮವರು ಹೇಳಲಿಲ್ಲ, ನನ್ನನ್ನು ಕೇಳಿದರು.