ಡಾಕ್ಟರು ಮುರಿದ ಜೋಡಿ

ಮರ್ಲ್ ಆಫ್ಟೆಡಾಲ್ ದನದ ಡಾಕ್ಟರು. ಶಾಸಕನಾಗಬೇಕೆಂದು ಹಂಬಲಿಸಿದವನಲ್ಲ. ಹಿಂದಿನ ಶಾಸಕ ಟ್ರ್ಯಾಕ್ಟರಿನಿಂದ ಬಿದ್ದು ಸೊಂಟ ಮುರಿದುಕೊಂಡಾಗ, ಹೋಲ್ಬೆಕ್ ಊರಿನ ಚರ್ಚಿನ ನೆಲಮಾಳಿಗೆಯಲ್ಲಿ ಕಾಫಿ ಕುಡಿಯುತ್ತಿದ್ದವರು ಒಬ್ಬರ ಮುಖ ಒಬ್ಬರು ನೋಡಿಕೊಂಡು, ಕಡೆಗೆ ಎಲ್ಲರೂ ಅವನ ಮುಖ ನೋಡಿದರು. ಆ ಕೌಂಟಿಯಲ್ಲಿ ಅವನು ನಿಂತು, ಈಯಲಾಗದ ಹಸುವಿನಿಂದ ಕರು ಎಳೆದು ತೆಗೆಯದ ಕೊಟ್ಟಿಗೆಯೇ ಇರಲಿಲ್ಲ. ಎರಡೂ ಪಕ್ಷದವರು ಅವನಿಗೇ ಓಟು ಹಾಕಿದರು.

ಸದನ ಕೂಡುವುದು ಚಳಿಗಾಲದಲ್ಲಿ. ರಾಜಧಾನಿ ದೂರ, ರಸ್ತೆಯ ತುಂಬ ಹಿಮ. ಪಕ್ಕದ ಕೌಂಟಿಯಿಂದ ಗೆದ್ದ ಡೊರೀನ್ ವೈಸ್ ಎದುರು ಪಕ್ಷದವಳು, ಶಾಲೆಯ ಬಸ್ಸು ಓಡಿಸಿ ನಿವೃತ್ತಳಾದವಳು. ಇಬ್ಬರು ಎರಡು ಗಾಡಿ ಓಡಿಸುವುದು ದಡ್ಡತನವೆಂದು ಮೊದಲ ವರ್ಷವೇ ಅವಳು ಫೋನು ಮಾಡಿದಳು. ಅಂದಿನಿಂದ ಸೋಮವಾರ ಬಂತೆಂದರೆ ಮರ್ಲ್‌ನ ಪಿಕಪ್ ಅವಳ ಅಂಗಳದಲ್ಲಿ ನಿಲ್ಲುತ್ತಿತ್ತು. ಅವಳ ಗಂಡ ಕ್ಲೆಮ್ ಚಪ್ಪಲಿಯಲ್ಲೇ ಹೊರಗೆ ಬಂದು ಕಾಫಿಯ ಫ್ಲಾಸ್ಕು ಕಿಟಕಿಯಿಂದ ಒಳಗೆ ಕೊಡುತ್ತಿದ್ದ. ದಾರಿಯಲ್ಲಿ ಪೆಟ್ರೋಲ್ ಬಂಕಿನ ಹೋಟೆಲಿನಲ್ಲಿ ಕ್ಯಾರಮೆಲ್ ರೋಲ್ ತಿನ್ನುವುದು, ಅದಾದ ಮೇಲೆ ಮಸೂದೆಗಳ ಮೇಲೆ ಜಗಳ.

"ಡಾಕ್ಟ್ರೇ, ನಿಮ್ಮ ಪಕ್ಷದೋರಿಗೆಲ್ಲ ಒಂದೊಂದು ಸೂಜಿ ಚುಚ್ಚಿ ಬರಬಾರ್ದಾ? ಕಾಲುಬಾಯಿ ರೋಗ ಇದ್ದಂಗಿದೆ, ಬಾಯಿಂದಂತೂ ಗ್ಯಾರಂಟಿ" ಎನ್ನುತ್ತಿದ್ದಳು.

"ನಿಮ್ಮೋರಿಗೆ ಚುಚ್ಚಕ್ಕೆ ಹೋದ್ರೆ ಸೂಜಿನೇ ಮುರಿಯುತ್ತೆ" ಎನ್ನುತ್ತಿದ್ದ ಅವನು.

ಆ ಸದನದಲ್ಲಿ ಹಳೆಯ ಪದ್ಧತಿಯೊಂದಿತ್ತು. ಒಬ್ಬ ಸದಸ್ಯನ ಮನೆಯಲ್ಲಿ ಸಾವೋ ಕಾಯಿಲೆಯೋ ಆಗಿ ಬರಲಾಗದಿದ್ದರೆ, ಎದುರು ಪಕ್ಷದ ಒಬ್ಬರು ಅವತ್ತು ಓಟು ಹಾಕದೆ ಸುಮ್ಮನೆ ಕೂರುವುದು. ಒಬ್ಬರ ಕಷ್ಟದಿಂದ ಇನ್ನೊಬ್ಬರು ಗೆಲ್ಲಬಾರದು, ಅಷ್ಟೇ. ಅದಕ್ಕೆ ಜೋಡಿ ಕೂರುವುದು ಎನ್ನುತ್ತಿದ್ದರು. ಕಾಗದವಿಲ್ಲ, ಸಹಿಯಿಲ್ಲ, ಕೈ ಕುಲುಕಿದರೆ ಮುಗಿಯಿತು. ಮರ್ಲ್ ಹಾಗೆ ಎಷ್ಟೋ ಸಲ ಕೂತಿದ್ದ. ಅವನ ತಾಯಿ ತೀರಿಕೊಂಡಾಗ ಡೊರೀನ್ ಅವನಿಗಾಗಿ ಕೂತಿದ್ದಳು.

ವರ್ಷಗಳು ಕಳೆದಂತೆ ಹಳಬರು ಸೋತರು, ಕೆಲವರು ಸತ್ತರು. ಹೊಸಬರು ಊಟಕ್ಕೆ ಬೇರೆ ಬೇರೆ ಹೋಟೆಲಿಗೆ ಹೋಗತೊಡಗಿದರು. ಮರ್ಲ್‌ನ ಪಕ್ಷಕ್ಕೆ ಕೋಲ್ಬಿ ರೈನ್‌ಹಾರ್ಟ್ ಎಂಬ ಯುವಕ ನಾಯಕನಾದ. ಅವನಿಗೆ ಹಸುವಿನ ಮುಂದುಹಿಂದು ಗೊತ್ತಿರಲಿಲ್ಲ, ಓಟಿನ ಲೆಕ್ಕ ಗೊತ್ತಿತ್ತು.

ಸಣ್ಣ ಊರುಗಳ ವೃದ್ಧರ ಆರೈಕೆ ಮನೆಗಳಿಗೆ ಸರ್ಕಾರ ಕೊಡುತ್ತಿದ್ದ ನೆರವನ್ನು ನಿಲ್ಲಿಸುವ ಮಸೂದೆ ಮತಕ್ಕೆ ಬಂದ ದಿನವೇ ಕ್ಲೆಮ್‌ನ ಹೃದಯದ ಶಸ್ತ್ರಚಿಕಿತ್ಸೆ ಇತ್ತು. ಹಿಂದಿನ ದಿನ, ವಾಹನ ನಿಲ್ಲಿಸುವ ಜಾಗದಲ್ಲಿ, ಡೊರೀನ್ ಜೋಡಿ ಕೂರುತ್ತೀರಾ ಎಂದು ಕೇಳಿದಳು. ಕೇಳೋದೇನಿದೆ ಎಂದ. ಚಳಿಗೆ ಕೈಗವಸನ್ನೂ ತೆಗೆಯದೆ ಕೈ ಕುಲುಕಿದರು.

ಮತದಾನಕ್ಕೆ ಮುಂಚೆ ಕೋಲ್ಬಿ ಬಂದು ಅವನ ಕುರ್ಚಿಯ ಪಕ್ಕ ಕುಕ್ಕರುಗಾಲಲ್ಲಿ ಕೂತ. ಮಸೂದೆ ಗೆಲ್ಲಲು ಇನ್ನು ಒಂದೇ ಒಂದು ಓಟು ಬೇಕು ಎಂದ. ಮಾತು ಕೊಟ್ಟಿದ್ದೇನೆ ಎಂದ ಮರ್ಲ್. ಕೋಲ್ಬಿ ಫೋನು ತೆಗೆದು ಒಂದು ಫೋಟೋ ತೋರಿಸಿದ. ಪೆಟ್ರೋಲ್ ಬಂಕಿನ ಹೋಟೆಲಿನಲ್ಲಿ ಮರ್ಲ್ ಮತ್ತು ಡೊರೀನ್, ಮಧ್ಯೆ ಒಂದೇ ತಟ್ಟೆ, ಇಬ್ಬರೂ ನಗುತ್ತಿದ್ದಾರೆ.

"ಚೆನ್ನಾಗಿ ಬಂದಿದೆ, ಅಲ್ವಾ ಡಾಕ್ಟ್ರೇ? ಟಿಕೆಟ್ ಯಾರಿಗೆ ಅನ್ನೋ ಪಕ್ಷದೊಳಗಿನ ಚುನಾವಣೆಗೆ ಮುಂಚೆ ಇದು ಪೋಸ್ಟ್‌ಕಾರ್ಡಾಗಿ ನಿಮ್ಮ ಕೌಂಟಿಯ ಮನೆಮನೆಗೂ ಹೋದ್ರೆ ಹೇಗಿರುತ್ತೆ, ನೀವೇ ಯೋಚ್ನೆ ಮಾಡಿ."

ಕರು ಅಡ್ಡ ತಿರುಗಿದಾಗ, ಗೂಳಿ ಗೋಡೆಗೆ ಒತ್ತಿದಾಗ ಹೆದರದ ಮನುಷ್ಯ ಒಂದು ಪೋಸ್ಟ್‌ಕಾರ್ಡಿಗೆ ಹೆದರಿದ. ಓಟಿನ ಗುಂಡಿ ಒತ್ತಿದ. ಗೋಡೆಯ ಫಲಕದಲ್ಲಿ ಅವನ ಹೆಸರಿನ ಮುಂದೆ ಹಸಿರು ದೀಪ ಹತ್ತಿತು. ಮಸೂದೆ ಒಂದೇ ಓಟಿನಿಂದ ಗೆದ್ದಿತು. ಯಾರೋ ಬೆನ್ನು ತಟ್ಟಿದರು. ಅವನು ಎದುರು ಸಾಲಿನ ಖಾಲಿ ಕುರ್ಚಿಯತ್ತ ನೋಡದಿರಲು ಬೂಟಿನ ಲಾಡಿ ಕಟ್ಟಿಕೊಳ್ಳುತ್ತ ಕೂತ.

ಮುಂದಿನ ಸೋಮವಾರ ಎಂದಿನಂತೆ ಅವಳ ಅಂಗಳಕ್ಕೆ ಗಾಡಿ ಬಿಟ್ಟ. ಹೇಳಬೇಕಾದ ಮಾತನ್ನು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ. ಅವಳ ಕಾರು ಇರಲಿಲ್ಲ. ಹೊಸ ಹಿಮದ ಮೇಲೆ ಚಕ್ರದ ಗುರುತು ನೇರವಾಗಿ ಹೆದ್ದಾರಿಗೆ ಹೋಗಿತ್ತು. ಸದನದಲ್ಲಿ ಅವಳು ಎಲ್ಲರಿಗೂ ಹೇಳುವ ಹಾಗೆ ಅವನಿಗೂ ಶುಭೋದಯ ಹೇಳಿದಳು. ಬೈದಿದ್ದರೆ ಅವನಿಗೆ ನಿದ್ದೆಯಾದರೂ ಬರುತ್ತಿತ್ತು. ಅವಳು ಆ ಉಪಕಾರ ಮಾಡಲಿಲ್ಲ.

ಆ ಬೇಸಿಗೆಯಲ್ಲಿ ಪಕ್ಷದಿಂದ ಮನೆಮನೆಗೂ ಪೋಸ್ಟ್‌ಕಾರ್ಡು ಬಂತು, ಬೇರೆ ಥರದ್ದು. ಬಾವುಟದ ಮುಂದೆ ಮರ್ಲ್‌ನ ಮುಖ, ಕೆಳಗೆ 'ಯಾರಿಗೂ ಬಗ್ಗದ ಮನುಷ್ಯ' ಎಂಬ ಬರಹ. ಅವನು ಸುಲಭವಾಗಿ ಗೆದ್ದ. ಚರ್ಚಿನ ನೆಲಮಾಳಿಗೆಯಲ್ಲಿ ಯಾರೋ ಅದನ್ನು ಗೋಡೆಗೆ ಅಂಟಿಸಿದ್ದರು. ಅವನು ಅದಕ್ಕೆ ಬೆನ್ನು ಹಾಕಿ ಕಾಫಿ ಕುಡಿದ.

ಮುಂದಿನ ಅಧಿವೇಶನದ ಹೊತ್ತಿಗೆ ಡೊರೀನಳ ಊರಿನ ಆರೈಕೆ ಮನೆಗೆ ಬೀಗ ಬಿದ್ದಿತ್ತು. ಕ್ಲೆಮ್‌ಗೆ ಪಾರ್ಶ್ವವಾಯು ಬಡಿದಿತ್ತು. ಅವನನ್ನು ಬಿಟ್ಟು ಬರಲು ಜಾಗವಿಲ್ಲ. ಜೋಡಿ ಕೂರಿ ಎಂದು ಅವಳು ಯಾರನ್ನೂ ಕೇಳಲಿಲ್ಲ. ಈಗ ಆ ಸದನದಲ್ಲಿ ಯಾರೂ ಯಾರನ್ನೂ ಕೇಳುತ್ತಿರಲಿಲ್ಲ. ಗಂಡನನ್ನು ಗಾಲಿಕುರ್ಚಿಯಲ್ಲಿ ಕೂರಿಸಿ, ಕಂಬಳಿ ಹೊದಿಸಿ, ಪ್ರೇಕ್ಷಕರ ಅಟ್ಟದಲ್ಲಿ ಇರಿಸಿ ಕೆಳಗೆ ಬಂದು ಓಟು ಹಾಕುತ್ತಿದ್ದಳು.

ಮರ್ಲ್ ಹಲವು ದಿನ ತಲೆಯೆತ್ತದೆ ಇದ್ದ. ಒಂದು ಮಧ್ಯಾಹ್ನ, ಕ್ಲೆಮ್‌ಗೆ ಕೆಮ್ಮು ಹತ್ತಿ ನಿಲ್ಲದಿದ್ದಾಗ, ಎದ್ದು ಮೇಲೆ ಹೋದ. ಡೊರೀನ್ ಗಂಡನ ಬಾಯಿ ಒರೆಸುತ್ತಿದ್ದಳು.

"ಇವನನ್ನ ಮನೆಗೆ ಕರ್ಕೊಂಡು ಹೋಗಿ. ಇವತ್ತು ನಾನು ಜೋಡಿ ಕೂರ್ತೀನಿ" ಎಂದ.

ಅವಳು ಕರವಸ್ತ್ರವನ್ನು ನಿಧಾನವಾಗಿ ಮಡಿಸಿದಳು. "ಬೇಡ ಡಾಕ್ಟ್ರೇ. ನಮಗೆ ಹೀಗೇ ಅಭ್ಯಾಸ ಆಗಿದೆ."

ಕ್ಲೆಮ್ ಅವನನ್ನು ಗುರುತು ಹಿಡಿದು ನಕ್ಕ. ಚೆನ್ನಾಗಿದ್ದ ಕೈ ಎತ್ತಿ, ಕಿಟಕಿಯಿಂದ ಫ್ಲಾಸ್ಕು ಕೊಡುವವನ ಹಾಗೆ ಚಾಚಿದ. ಕೈಯಲ್ಲಿ ಏನೂ ಇರಲಿಲ್ಲ. ಮರ್ಲ್ ಅದನ್ನು ಹಿಡಿದುಕೊಂಡ, ಬಿಟ್ಟ, ಕೆಳಗೆ ಬಂದ.

ಮತದಾನ ನಡೆಯಿತು. ಡೊರೀನ್ ಗುಂಡಿ ಒತ್ತಿದಳು. ಮರ್ಲ್ ಕೈಗಳನ್ನು ಜೇಬಿನಲ್ಲಿಟ್ಟು ಸುಮ್ಮನೆ ಕೂತ. ಅವನ ಪಕ್ಷ ಭಾರಿ ಅಂತರದಿಂದ ಗೆದ್ದಿತು. ಅವನ ಓಟು ಇದ್ದರೂ ಇಲ್ಲದಿದ್ದರೂ ಆ ದಿನ ಏನೂ ವ್ಯತ್ಯಾಸವಾಗುತ್ತಿರಲಿಲ್ಲ. ಅಟ್ಟದಲ್ಲಿ ಕ್ಲೆಮ್ ನಿದ್ದೆ ಹೋಗಿದ್ದ.

ಕೋಲ್ಬಿ ಫಲಕ ನೋಡಿ ಅವನ ಹತ್ತಿರ ಬಂದ.

"ಡಾಕ್ಟ್ರೇ, ನಿಮ್ಮ ದೀಪ ಹತ್ತಲೇ ಇಲ್ಲ. ಗುಂಡಿ ಕೆಟ್ಟಿರ್ಬೇಕು. ಹೇಳಿ ರಿಪೇರಿ ಮಾಡಿಸ್ಲಾ?"

ಎದುರು ಸಾಲಿನಲ್ಲಿ ಡೊರೀನ್ ಕೋಟು ಹಾಕಿಕೊಳ್ಳುತ್ತಿದ್ದಳು. ಮಾತು ಕೇಳಿಸುವಷ್ಟು ಹತ್ತಿರದಲ್ಲೇ ಇದ್ದಳು.

"ಮಾಡ್ಸಿ" ಎಂದ ಮರ್ಲ್.