ಕೂಲಿ ಕೊಲೆಗಾರನಿಗೆ ಬಾಯಿ ಕೊಟ್ಟ ಹನುಮಂತಪ್ಪ

ಕಡೂರಿನ ರೈಲ್ವೆ ಗೇಟಿನ ಆಚೆ, ತೆಂಗಿನ ತೋಟದ ಬದುವಿನ ಮೇಲೆ ನಿಂತು ಹನುಮಂತಪ್ಪ ಬೆಳಗಿನ ಜಾವಕ್ಕೇ ಗಂಟಲು ಸರಿಮಾಡಿಕೊಳ್ಳುತ್ತಿದ್ದಾನೆ. ಎರಡು ಸಲ ಕೆಮ್ಮುತ್ತಾನೆ. ಮೆಣಸು ಕುದಿಸಿದ ನೀರನ್ನು ಚೊಂಬಿನಿಂದ ಒಂದು ಗುಟುಕು ಇಳಿಸುತ್ತಾನೆ. ಆಮೇಲೆ ಬೇಡಿ ಬಿದ್ದವನ ಹಾಗೆ ಎರಡೂ ಕೈಗಳನ್ನು ಮುಂದಕ್ಕೆ ಚಾಚಿ, ದನಿ ತಗ್ಗಿಸಿ ಹೇಳುತ್ತಾನೆ: "ಕೂಲಿಗಾಗಿ ಕೊಂದೆ, ಮಹಾಪ್ರಭು. ನನ್ನನ್ನು ಕಳಿಸಿದವರು..." ಅಷ್ಟಕ್ಕೇ ನಿಲ್ಲುತ್ತಾನೆ. ಮತ್ತೆ ಮೊದಲಿನಿಂದ ಶುರು ಮಾಡುತ್ತಾನೆ. ಮತ್ತೆ ಅಲ್ಲೇ ಬಂದು ನಿಲ್ಲುತ್ತಾನೆ.

ತೋಟ ಕಾಯುವ ಹುಚ್ಚಮ್ಮ ಸಗಣಿ ಬುಟ್ಟಿ ಹೊತ್ತುಕೊಂಡು ಆ ದಾರಿಯಲ್ಲಿ ಬರುತ್ತಾಳೆ. ಮೊದಲ ದಿನ ಈ ಮಾತು ಕೇಳಿ ಬುಟ್ಟಿ ಬಿಸಾಕಿ ಓಡಿದವಳು ಅವಳು. ಈಗ ಭಯ ಹೋಗಿ ಬೇಸರ ಬಂದಿದೆ. "ಏನ್ ಹನುಮಂತಪ್ಪ, ವಾರದಿಂದ ಕೊಂದೆ ಕೊಂದೆ ಅಂತ ಬಡ್ಕೊಂತೀಯ. ಯಾರ್ ಕಳ್ಸಿದ್ದು ಅಂತ ಒಂದ್ ಸಲ ಹೇಳ್ಬಿಡಬಾರ್ದೇನಪ್ಪಾ? ನಂಗೂ ತಲೆ ಕೆಟ್ಟೋಯ್ತು" ಎನ್ನುತ್ತಾಳೆ. "ನಂಗೇ ಗೊತ್ತಿಲ್ಲ ಕಣಕ್ಕಾ. ಗೊತ್ತಿದ್ರೆ ಹೇಳ್ತಿರ್ಲಿಲ್ವಾ" ಎಂದು ಹನುಮಂತಪ್ಪ ಬದುವಿನ ಮೇಲೆ ಕುಕ್ಕರಗಾಲಲ್ಲಿ ಕೂತುಬಿಡುತ್ತಾನೆ. ನಾಳೆ ಸಂಜೆಗೆ ಅಜ್ಜಂಪುರದಲ್ಲಿ ಈ ಮಾತನ್ನು ಅವನು ಮುಗಿಸಲೇಬೇಕು. ಮುಗಿಸುವ ರೀತಿ ತಪ್ಪಿದರೆ ಒಂದು ಮನೆ ಎರಡಾಗುತ್ತದೆ.

ಓದುಗರು ಗಾಬರಿಯಾಗಬೇಕಾಗಿಲ್ಲ. ಹನುಮಂತಪ್ಪ ಯಾರನ್ನೂ ಕೊಂದವನಲ್ಲ. ಕೋಳಿ ಕೊಯ್ಯುವಾಗಲೂ ಬೇರೆ ಕಡೆ ಮುಖ ತಿರುಗಿಸುವವನು ಎಂದು ಅವನ ಹೆಂಡತಿ ಕರಿಯಮ್ಮ ನಗುತ್ತಾಳೆ. ಅವನ ಉದ್ಯೋಗ ಮಾತು. ದತ್ತಾತ್ರಿಯವರ ಬಯಾಸ್ಕೋಪು ಡೇರೆಯಲ್ಲಿ ಪರದೆಯ ಪಕ್ಕ ನಿಂತು, ಮೂಕಿ ಚಿತ್ರಗಳ ರಾಜ, ರಾಣಿ, ಸೇವಕ, ಕುದುರೆ ಎಲ್ಲರಿಗೂ ಇವನೊಬ್ಬನೇ ಬಾಯಿ. ಚಿತ್ರದ ನಡುವೆ ಬರುವ ಅಕ್ಷರಗಳು ಇಂಗ್ಲಿಷಿನವು, ಗುಜರಾತಿಯವು. ಅವು ನಮ್ಮ ಸೀಮೆಯ ಜನಕ್ಕೂ ತಿಳಿಯವು, ಹನುಮಂತಪ್ಪನಿಗೂ ತಿಳಿಯವು. ಆದರೆ ಅವನು ಮಾತಾಡುತ್ತಾನೆ, ಜನ ನಂಬುತ್ತಾರೆ. ಡೇರೆಯಿಂದ ಹೊರಗೆ ಬಂದವರಿಗೆ ಪರದೆಯ ಮೇಲಿನ ರಾಜ ನೆನಪಿರುತ್ತಾನೆ, ಪಕ್ಕದಲ್ಲಿ ನಿಂತು ಗಂಟಲು ಹರಿದುಕೊಂಡವನನ್ನು ಯಾರೂ ತಿರುಗಿಯೂ ನೋಡುವುದಿಲ್ಲ.

ಹುಟ್ಟಿದ್ದು ದೇವನೂರಿನಲ್ಲಿ. ಒಂದಿಷ್ಟು ಬೆದ್ದಲು ಹೊಲ, ಒಂದಿಷ್ಟು ತೆಂಗು. ಪ್ರಾಯದಲ್ಲಿ ಕೊಬ್ಬರಿ ಮಂಡಿಯಲ್ಲಿ ಹರಾಜು ಕೂಗುತ್ತಿದ್ದ. ಅಲ್ಲಿ ಇವನ ಕೂಗು ಕೇಳಿದ ದತ್ತಾತ್ರಿಯವರು, "ಕೊಬ್ಬರಿಗೆ ಯಾಕಯ್ಯಾ ಇಂಥ ಕಂಠ, ನನ್ನ ಜೊತೆ ಬಾ" ಎಂದು ಕರೆದುಕೊಂಡು ಬಂದರು. ಅಂದಿನಿಂದ ಮಷೀನು, ಡೈನಮೋ, ಡೇರೆ, ಹನುಮಂತಪ್ಪ ಎಲ್ಲವೂ ಒಂದೇ ಗೂಡ್ಸು ಡಬ್ಬಿಯಲ್ಲಿ ಕಡೂರು, ತರೀಕೆರೆ, ಅಜ್ಜಂಪುರಗಳ ನಡುವೆ ಓಡಾಡುತ್ತವೆ. ಬೆಳಿಗ್ಗೆ ಹಸ್ತಪತ್ರ ಹಂಚುವುದು, ಮಧ್ಯಾಹ್ನ ಗೂಟ ಬಡಿಯುವುದು, ಸಂಜೆ ಮಾತು. ಮಾತಿನ ಕೆಲಸವಿದ್ದರೂ ಗೂಟದ ಕೆಲಸಕ್ಕೆ ರಿಯಾಯಿತಿ ಇಲ್ಲ.

ರಾಜನಿಗೆ ಮೂಗಿನ ದನಿ, ರಾಣಿಗೆ ಕೀರಲು ದನಿ, ಮಂತ್ರಿಗೆ ತಗಡಿನ ಕೊಳವೆಯಲ್ಲಿ ಊದಿದ ದನಿ. ಕೊಲೆಗಾರನಿಗೆ ಮಾತ್ರ ಬರಿಬಾಯಿ, ತಗ್ಗಿದ ದನಿ. ಅದಕ್ಕೆ ಕಾರಣ ಕೇಳಿದರೆ, "ಕೂಗಾಡೋನು ಕೊಲ್ಲಾಕಿಲ್ಲ ಸ್ವಾಮಿ" ಎನ್ನುತ್ತಾನೆ. ಕೊಲೆಗಾರ ಬಾಯಿ ಬಿಟ್ಟ ಕೂಡಲೇ ಡೇರೆಯಲ್ಲಿ ಕಡಲೆಕಾಯಿ ಸುಲಿಯುವ ಸದ್ದೂ ನಿಲ್ಲುತ್ತದೆ.

ಅಪರಾಧದ ಚಿತ್ರಗಳೆಂದರೆ ಜನಕ್ಕೆ ಪ್ರಾಣ, ಅಂಥ ಚಿತ್ರದಲ್ಲಿ ಒಬ್ಬ ಕೂಲಿ ಕೊಲೆಗಾರ ಇದ್ದೇ ಇರುತ್ತಾನೆ. ಅಂಥವರಿಗೆ ಮಾತು ಕೊಟ್ಟೂ ಕೊಟ್ಟೂ ಹನುಮಂತಪ್ಪನಿಗೆ ಅವರ ಮೇಲೆ ಒಂಥರಾ ಕನಿಕರ ಬೆಳೆದಿದೆ. "ಎಲ್ರೂ ಒಂದೇ ಅಚ್ಚು ನೋಡಿ. ಕಂಬಳಿ ಹೊದ್ದಿರ್ತಾನೆ, ಕೆನ್ನೆ ಮೇಲೆ ಗಾಯ. ಬಾಗ್ಲಲ್ಲಿ ಬರಾಕಿಲ್ಲ, ಗೋಡೆ ಹಾರೇ ಬರ್ಬೇಕು. ಒಂದ್ ಚಿತ್ರದಾಗೂ ಅವ್ನು ಉಂಡಿದ್ದು ನಾ ನೋಡಿಲ್ಲ. ಯಾರೋ ಹೇಳ್ತಾರೆ, ಇವ್ನು ಹೋಗಿ ತಿವೀತಾನೆ. ಅವ್ನಿಗೂ ಸತ್ತೋನಿಗೂ ಏನೂ ಹಗೆ ಇರಾಕಿಲ್ಲ" ಎನ್ನುತ್ತಾನೆ. ಒಮ್ಮೆ ತರೀಕೆರೆಯಲ್ಲಿ ಮನಸ್ಸು ತಡೆಯದೆ ಒಬ್ಬ ಕೊಲೆಗಾರನಿಗೆ ಕಾಯಿಲೆ ಬಿದ್ದ ತಾಯಿಯೊಬ್ಬಳನ್ನು ಸೇರಿಸಿಬಿಟ್ಟ. ಹೆಂಗಸರು ಸೆರಗಿನಲ್ಲಿ ಕಣ್ಣೊರೆಸಿಕೊಂಡರು, ನಾಯಕ ಗೆದ್ದಾಗ ಒಬ್ಬರೂ ಚಪ್ಪಾಳೆ ತಟ್ಟಲಿಲ್ಲ. "ಕೊಲೆಗಾರನಿಗೆ ಯಾಕಯ್ಯಾ ತಾಯಿ?" ಎಂದು ದತ್ತಾತ್ರಿಯವರು ತಲೆ ಚಚ್ಚಿಕೊಂಡರಂತೆ.

ಈಗಿನ ತಂಟೆ ಇನ್ನೊಂದು ಚಿತ್ರದ್ದು. ಅದನ್ನು ಬಳ್ಳಾರಿ ಕಡೆಯ ಡೇರೆಯವನೊಬ್ಬನಿಂದ ದತ್ತಾತ್ರಿಯವರು ಹಳೆಯ ಮಾಲೆಂದು ಅಗ್ಗಕ್ಕೆ ಕೊಂಡರು. ದೊಡ್ಡ ಯುವರಾಜ ಮಲಗಿರುತ್ತಾನೆ, ಗಾಯದ ಕೆನ್ನೆಯವನು ಗೋಡೆ ಹಾರಿ ಬಂದು ಕೊಲ್ಲುತ್ತಾನೆ. ಅವನನ್ನು ಯಾರು ಕಳಿಸಿದರು ಎನ್ನುವ ರೀಲು ಬಳ್ಳಾರಿಯವನ ಮಷೀನಿನಲ್ಲೇ ಸುಟ್ಟುಹೋಯಿತು, ಕೊನೆಯ ರೀಲಿನ ಬಾಲವೂ ಅದರ ಜೊತೆಗೇ ಹೋಯಿತು. ಉಳಿದ ಚಿತ್ರದಲ್ಲಿ ಯುವರಾಜನ ಹೆಂಡತಿಯಾದ ರಾಣಿ, ಮಂತ್ರಿ, ಯುವರಾಜನ ತಮ್ಮ ಎಲ್ಲರೂ ಅನುಮಾನ ಬರುವ ಹಾಗೇ ಕಣ್ಣು ಹೊರಳಿಸುತ್ತಾರೆ. ಕೊನೆಗೆ ಕೊಲೆಗಾರನನ್ನು ಬೇಡಿ ಹಾಕಿ ರಾಜಸಭೆಗೆ ತರುತ್ತಾರೆ. ಅವನು ಬಾಯಿ ತೆರೆದು, ಎಡಗಡೆ ಕೆಳಕ್ಕೆ ಬೆರಳು ತೋರಿಸುತ್ತಾನೆ. ಅಷ್ಟೇ, ಪರದೆ ಬೆಳ್ಳಗಾಗುತ್ತದೆ. ಬೆರಳು ಯಾರ ಕಡೆಗೆ ಎಂದು ದತ್ತಾತ್ರಿಯವರೂ ನೋಡಿಲ್ಲ. ಬಳ್ಳಾರಿಯವನನ್ನು ವಿಚಾರಿಸಿದ್ದಕ್ಕೆ, "ಮಂತ್ರಿಯೇ ಇರಬೇಕು, ಇಲ್ಲವೆ ಅದು ಬೇರೆ ಚಿತ್ರವೋ ಏನೋ" ಎಂದನಂತೆ.

ಸುಟ್ಟಿದೆ ಎಂದು ಸಾರಿದರೆ ಜನ ಕಾಸು ವಾಪಸು ಕೇಳುತ್ತಾರೆ. ಹಾಗಾಗಿ ಹೆಸರು ಹೇಳುವ ಕೆಲಸ ಹನುಮಂತಪ್ಪನ ಕೊರಳಿಗೇ ಬಿತ್ತು. ಕಡೂರಿನಲ್ಲಿ ಹಿಂದಿನ ಕುರ್ಚಿಗಳಲ್ಲಿ ಅಮಲ್ದಾರರು, ಶಿರಸ್ತೇದಾರರಂಥ ಸರ್ಕಾರದವರು ಕೂರುತ್ತಾರೆ. ಅವರೆದುರು ಮಂತ್ರಿ ಕೊಲ್ಲಿಸಿದ ಎನ್ನಲು ಬಾಯಿ ಬರಲಿಲ್ಲ, ರಾಣಿ ಎಂದ. ತರೀಕೆರೆಯಲ್ಲಿ ಹೆಂಗಸರು ಹೆಚ್ಚು, ಕಟ್ಟಿಕೊಂಡ ಹೆಂಡತಿಯೇ ಕೊಲ್ಲಿಸಿದಳು ಅಂದರೆ ಸುಮ್ಮನಿರುತ್ತಾರೆಯೇ? ಅಲ್ಲಿ ಮಂತ್ರಿ ಎಂದ. ಅಜ್ಜಂಪುರಕ್ಕೆ ಬರುವಷ್ಟರಲ್ಲಿ ತರೀಕೆರೆಯಲ್ಲಿ ಚಿತ್ರ ನೋಡಿದ್ದವರೂ ಬಂದು ಕೂತಿದ್ದರು. ಬದಲಾವಣೆ ಇರಲಿ ಅಂತ ತಮ್ಮ ಎಂದ.

ಆ ಸಂಜೆ ಹಾರ್ಮೋನಿಯಂ ನುಡಿಸುವವನಿಗೆ ಜ್ವರ. ಎಡಗಡೆ ಕಂಬದ ಬುಡದಲ್ಲಿ ಅವನು ಕೂರುವ ಜಾಗ ಖಾಲಿ ಬಿದ್ದಿತ್ತು, ಅಲ್ಲಿ ಊರಿನ ರೇವಣಪ್ಪ ಚಾಪೆ ಹಾಸಿಕೊಂಡು ಕೂತಿದ್ದ. "ನನ್ನನ್ನು ಕಳಿಸಿದವನು ತಮ್ಮ!" ಎಂದು ಹನುಮಂತಪ್ಪ ಹೇಳುವುದಕ್ಕೂ, ಪರದೆಯ ಬೆರಳು ಆ ಕಂಬದ ಕಡೆ ಚಾಚುವುದಕ್ಕೂ ಸರಿಹೋಯಿತು. ಇಡೀ ಡೇರೆ ತಿರುಗಿ ರೇವಣಪ್ಪನನ್ನು ನೋಡಿತು. ಅವನ ಅಣ್ಣ ಷಣ್ಮುಖಪ್ಪನೂ ನೋಡಿದ.

ಅದಕ್ಕೆ ಹದಿನೈದು ದಿನ ಹಿಂದೆ ಷಣ್ಮುಖಪ್ಪನ ಗಾಡಿ ಮಗುಚಿ ಅವನ ಭುಜ ಇಳಿದಿತ್ತು. ಗಾಲಿ ಕಳಚದಂತೆ ಅಚ್ಚಿಗೆ ಹಾಕುವ ಕಡಾಣಿ ಇರಲಿಲ್ಲ. ಸವೆದು ಬಿತ್ತೋ, ಯಾರಾದರೂ ಕಿತ್ತರೋ, ಅಲ್ಲಿಯವರೆಗೆ ಆ ಪ್ರಶ್ನೆಯೇ ಯಾರಿಗೂ ಹುಟ್ಟಿರಲಿಲ್ಲ. ಚಿತ್ರ ಬಿಟ್ಟ ಮೇಲೆ ಹುಟ್ಟಿತು. ತಮ್ಮನೇ ಯಾರನ್ನೋ ಕೂಲಿಗೆ ಹಿಡಿದು ಕೀಳಿಸಿದ್ದಾನೆ ಎಂದು ಒಬ್ಬರು ಅಂದರು, ನಾಲ್ವರು ತಲೆಯಾಡಿಸಿದರು. ಷಣ್ಮುಖಪ್ಪ ತಮ್ಮನ ಕೈಯ ನೀರು ಬಿಟ್ಟ. ಪಾಲು ಮಾಡಿಕೊಡಿ ಎಂದು ಪಂಚಾಯ್ತರ ಮನೆಗೂ ಹೋಗಿ ಬಂದ.

ಷಣ್ಮುಖಪ್ಪನ ಹೆಂಡತಿ ಗುರುಶಾಂತಮ್ಮನ ತವರು ಕಡೂರಿನ ಹತ್ತಿರವೇ. ಹೋದ ವಾರ ತವರಿಗೆ ಬಂದವಳು ನೇರ ಡೇರೆಗೆ ಬಂದಳು. "ಏನಣ್ಣಾ, ನಮ್ಮ ಮೈದುನನ್ನ ನೀನು ಬಲ್ಲೆಯಾ?" ಎಂದು ಕೇಳಿದಳು. ಇಲ್ಲ ಎಂದ. "ಗೊತ್ತಿಲ್ದೆ ಹೆಂಗೆ ಹೇಳ್ದೆ? ನಾನು ಆ ಹುಡುಗನ್ನ ಎತ್ತಿ ಆಡ್ಸಿದೀನಿ. ಈಗ ಅಂವ ಅಡಿಗೆಮನೆ ಹೊಸ್ಲು ದಾಟಾಕಿಲ್ಲ, ಹೊರಗೇ ಕೂತು ಉಣ್ತಾನೆ. ಹೇಳಿದ್ದು ನೀನು, ಆ ಮಾತ್ನ ನೀನೇ ತೆಗೀಬೇಕು. ನಮ್ಮೂರಿನ ಮುಂದಿನ ಆಟಕ್ಕೆ ಇಬ್ರನ್ನೂ ಕರ್ಕೊಂಡ್ ಬತ್ತೀನಿ" ಎಂದು ಹೇಳಿ ಹೋದಳು.

ಅಂದಿನಿಂದ ಹನುಮಂತಪ್ಪ ಒಂದೊಂದೇ ಹೆಸರನ್ನು ತೂಗಿ ನೋಡುತ್ತಿದ್ದಾನೆ. ಮಂತ್ರಿ ಎಂದರೆ ಹೆದರಿ ಬದಲಾಯಿಸಿದ ಅನ್ನುತ್ತಾರೆ. ರಾಣಿ ಎಂದರೆ ಆ ಅನುಮಾನ ಯಾವ ಮನೆಯ ಹೆಂಗಸಿನ ಮೇಲೆ ಹೋಗಿ ಕೂರುತ್ತದೋ. ತಮ್ಮನಲ್ಲ ಎಂದರೆ, ಇದನ್ನು ಹೇಳಲು ರೇವಣಪ್ಪ ಕಾಸು ಕೊಟ್ಟ ಅನ್ನುತ್ತಾರೆ. "ಏನಂದ್ರೂ ಒಬ್ರ ಕುತ್ಗೆಗೆ ಬತ್ತದೆ ಸ್ವಾಮಿ. ನಾನು ಕೊಬ್ಬರಿ ಕೂಗ್ಕೊಂಡೇ ಇರಬೇಕಾಗಿತ್ತು" ಎನ್ನುತ್ತಾನೆ. ದತ್ತಾತ್ರಿಯವರದು ಒಂದೇ ಮಾತು: "ಯಾರ ಹೆಸರಾದ್ರೂ ಹೇಳು, ಸುಟ್ಟಿದೆ ಅಂತ ಮಾತ್ರ ಹೇಳಬೇಡ. ಹೇಳಿದ್ರೆ ನಿನ್ನ ಲೆಕ್ಕ ತೀರಿಸಿ ದೇವನೂರಿಗೆ ಕಳಿಸ್ತೀನಿ."

ಅಜ್ಜಂಪುರದ ಸಂಜೆ. ಡೇರೆ ಕಿಕ್ಕಿರಿದಿದೆ. ಹಾರ್ಮೋನಿಯಂನವನಿಗೆ ಜ್ವರ ಬಿಟ್ಟಿದೆ, ಆದರೆ ರೇವಣಪ್ಪ ಅವನಿಗಿಂತ ಮುಂಚೆ ಬಂದು ಅದೇ ಕಂಬದ ಬುಡದಲ್ಲಿ ಕೂತಿದ್ದಾನೆ. ಬೇರೆ ಕಡೆ ಕೂರಪ್ಪ ಎಂದರೆ, "ಯಾಕೆ? ಜಾಗ ಬಿಟ್ರೆ ತಪ್ಪು ಒಪ್ಕೊಂಡಂಗೆ" ಎನ್ನುತ್ತಾನೆ. ಷಣ್ಮುಖಪ್ಪ ಬಲಗಡೆಯ ಕೊನೆಯಲ್ಲಿ, ಭುಜಕ್ಕೆ ಬಟ್ಟೆ ಕಟ್ಟಿಕೊಂಡು ಕೂತಿದ್ದಾನೆ. ಗುರುಶಾಂತಮ್ಮ ಹೆಂಗಸರ ಸಾಲಿನಲ್ಲಿದ್ದಾಳೆ. ಈ ಮೂವರಲ್ಲಿ ಒಬ್ಬರೂ ಪರದೆ ನೋಡುತ್ತಿಲ್ಲ.

ಯುವರಾಜ ಸಾಯುತ್ತಾನೆ. ಗಾಯದ ಕೆನ್ನೆಯವನು ಸಿಕ್ಕಿಬೀಳುತ್ತಾನೆ, ಬೇಡಿ ಬೀಳುತ್ತದೆ, ರಾಜಸಭೆ ಕೂಡುತ್ತದೆ. ಆಗ ಹನುಮಂತಪ್ಪ ತಗಡಿನ ಕೊಳವೆಯನ್ನು ಕೆಳಗಿಟ್ಟು, ತಾನು ನಿಂತ ಜಾಗ ಬಿಟ್ಟು, ಪರದೆಯ ಮುಂದೆಯೇ ಅಡ್ಡ ನಡೆಯುತ್ತಾನೆ. ಅವನ ನೆರಳು ರಾಜನ ಮುಖ ಮುಚ್ಚುತ್ತದೆ. "ಲೇ, ಕೂತ್ಕೊಳೋ!" ಎಂದು ಹಿಂದಿನವರು ಕೂಗುತ್ತಾರೆ. ಅವನು ಕಂಬದ ಬುಡಕ್ಕೆ ಹೋಗಿ ರೇವಣಪ್ಪನ ಚಾಪೆಯ ಮುಂದೆ, ಅವನಿಗೆ ಮರೆಯಾಗಿ ಕೂರುತ್ತಾನೆ. ಪರದೆಯ ಬೆರಳು ಏಳುತ್ತದೆ.

"ಕೂಲಿಗಾಗಿ ಕೊಂದೆ, ಮಹಾಪ್ರಭು" ಎನ್ನುತ್ತದೆ ಆ ತಗ್ಗಿದ ದನಿ, ಈಗ ಜನರ ನಡುವಿನಿಂದ. "ನನ್ನನ್ನು ಕಳಿಸಿದವರು ಯಾರೋ ನನಗೆ ಗೊತ್ತಿಲ್ಲ. ನನ್ನ ಬಾಯಿಂದ ಹೆಸರು ಹೇಳಿಸಿದವನು ಮಾತ್ರ ಅಗೋ, ಅಲ್ಲಿ ಕೂತಿದ್ದಾನೆ. ದೇವನೂರಿನ ಹನುಮಂತಪ್ಪ. ಕಡೂರಿನಲ್ಲಿ ರಾಣಿ ಅಂತ ಹೇಳಿಸಿದ. ತರೀಕೆರೆಯಲ್ಲಿ ಮಂತ್ರಿ ಅಂತ ಹೇಳಿಸಿದ. ಈ ಊರಿನಲ್ಲಿ ತಮ್ಮ ಅಂತ ಹೇಳಿಸಿದ. ಅವನಿಗೂ ಗೊತ್ತಿಲ್ಲ, ಮಹಾಪ್ರಭು. ಆ ರೀಲು ಸುಟ್ಟುಹೋಗಿದೆ."

ಪರದೆ ಬೆಳ್ಳಗಾಗುತ್ತದೆ. ಡೇರೆಯಲ್ಲಿ ಗದ್ದಲ ಶುರುವಾಗುತ್ತದೆ. "ಹಂಗಾದ್ರೆ ಯುವರಾಜನ್ನ ಕೊಲ್ಸಿದ್ದು ಈ ಹನುಮಂತಪ್ಪನಾ?" ಎಂದು ಒಬ್ಬ ಕೇಳುತ್ತಾನೆ. "ಅಲ್ಲ ಕಣೋ, ಇವ್ನು ಸುಳ್ಳು ಹೇಳ್ದ ಅಂತ ಕೊಲೆಗಾರ ಹೇಳ್ದ." "ಕೊಲೆಗಾರನ್ ಬಾಯಲ್ಲಿ ಮಾತಾಡಿದ್ದೇ ಇವ್ನಲ್ವೇನೋ?" ಯಾರಿಗೂ ತಲೆಬುಡ ಗೊತ್ತಾಗುವುದಿಲ್ಲ. ಕೆಲವರು ನಗುತ್ತಾರೆ, ಕೆಲವರು ಕಾಸು ವಾಪಸು ಕೇಳುತ್ತಾರೆ, ದತ್ತಾತ್ರಿಯವರು ಪೆಟ್ಟಿಗೆಯ ಮೇಲೆ ತಲೆ ಹಿಡಿದುಕೊಂಡು ಕೂರುತ್ತಾರೆ. ಈ ಗದ್ದಲದಲ್ಲಿ ರೇವಣಪ್ಪ ಕೊಂಚ ಸರಿದು, ಮಣ್ಣಿನ ಮೇಲೆ ಕೂತಿದ್ದ ಹನುಮಂತಪ್ಪನಿಗೆ ಚಾಪೆಯಲ್ಲಿ ಜಾಗ ಬಿಡುತ್ತಾನೆ.

ಬೆಳಿಗ್ಗೆ ಡೇರೆ ಇಳಿಸುತ್ತಿರುವಾಗ ಒಂದು ಗಾಡಿ ಬಂದು ನಿಲ್ಲುತ್ತದೆ. ಹಗ್ಗ ಹಿಡಿದವನು ರೇವಣಪ್ಪ, ಹಿಂದೆ ಕೂತವನು ಷಣ್ಮುಖಪ್ಪ. ಹನುಮಂತಪ್ಪ ಕೈಯಲ್ಲಿದ್ದ ಗೂಟ ಹಾಗೇ ಹಿಡಿದು ನಿಲ್ಲುತ್ತಾನೆ. "ಏನಯ್ಯಾ, ಗೊತ್ತಿಲ್ದಿದ್ಮೇಲೆ ಯಾಕೆ ಹೇಳ್ದೆ? ಒಡಹುಟ್ಟಿದೋನ್ ಕೈಯ ನೀರು ಬಿಟ್ನಲ್ಲಯ್ಯಾ ನಾನು" ಎಂದು ಷಣ್ಮುಖಪ್ಪ ಶುರು ಮಾಡುತ್ತಾನೆ. "ಊರವ್ರ ಕಣ್ಣಲ್ಲಿ ನನ್ನ ಏನ್ ಮಾಡ್ಬಿಟ್ಟೆ ನೀನು" ಎಂದು ರೇವಣಪ್ಪ ಸೇರಿಕೊಳ್ಳುತ್ತಾನೆ. ಒಬ್ಬ ಉಸಿರು ತೆಗೆದುಕೊಳ್ಳುವಾಗ ಇನ್ನೊಬ್ಬ ಮುಂದುವರಿಸುತ್ತಾನೆ. ಅಣ್ಣ ಮರೆತ ಬೈಗುಳವನ್ನು ತಮ್ಮ ನೆನಪು ಮಾಡಿಕೊಡುತ್ತಾನೆ. ಹೊರಡುವಾಗ ಷಣ್ಮುಖಪ್ಪ ಅಭ್ಯಾಸಬಲದಿಂದ ಗಾಲಿಯ ಕಡಾಣಿ ನೋಡಲು ಬಗ್ಗುತ್ತಾನೆ. ತಮ್ಮ ನೋಡುತ್ತಿರುವುದು ಕಂಡು ಅರ್ಧಕ್ಕೇ ನೆಟ್ಟಗಾಗಿ, ನೋಡದೆಯೇ ಗಾಡಿ ಹತ್ತುತ್ತಾನೆ.

ದತ್ತಾತ್ರಿಯವರು ಹನುಮಂತಪ್ಪನ ಜೊತೆ ಇನ್ನೂ ಮಾತು ಬಿಟ್ಟಿದ್ದಾರೆ. ಆದರೆ ಸಾಮಾನು ಕಟ್ಟುವಾಗ ಅವನ ತಗಡಿನ ಕೊಳವೆಯನ್ನು ಮಷೀನಿನ ಪೆಟ್ಟಿಗೆಯಲ್ಲೇ, ಹುಲ್ಲು ಸುತ್ತಿ ಇಟ್ಟಿದ್ದಾರೆ. ತರೀಕೆರೆಯ ಆಟಕ್ಕೆ ಬೇರೆ ಬಾಯಿ ಎಲ್ಲಿಂದ ತರುತ್ತಾರೆ? ಅಲ್ಲಿ ಯಾರ ಹೆಸರು ಹೇಳುತ್ತೀಯ ಎಂದು ಕೇಳಿದರೆ ಹನುಮಂತಪ್ಪ ತಲೆ ಕೆರೆದುಕೊಳ್ಳುತ್ತಾನೆ. "ಎಲ್ಲಾದ್ರೂ ಆ ರೀಲು ಸುಡದಂಗೆ ಉಳ್ದಿದ್ರೆ ಒಂದ್ ಸಲ ನೋಡ್ಬೇಕು ಅಂತ ಆಸೆ. ಪಾಪ, ಅವ್ನನ್ನ ಯಾರು ಕಳ್ಸಿದ್ರೋ" ಎನ್ನುತ್ತಾನೆ. ಆಮೇಲೆ ಗಾಡಿ ಹೋದ ದಾರಿಯ ಧೂಳು ಅಡಗುವವರೆಗೂ ಅತ್ತಲೇ ನೋಡುತ್ತಾನೆ. ಅವನ ಮುಖದಲ್ಲಿ ನಿನ್ನೆಯಿಡೀ ಇಲ್ಲದ ನಗು ಬರುತ್ತದೆ.

"ಬೈದ್ರು ಸ್ವಾಮಿ. ಇಬ್ರೂ ಒಂದೇ ಗಾಡೀಲಿ ಬಂದು ಬೈದ್ರು."